ಎಡಗಡೆ ಕೇಳದ ಹೆಡ್‌ಸೆಟ್

"ಯೇ ಕ್ಯಾ ಸರೌಂಡ್ ಸೌಂಡ್ ಹೈ?!"

ಕಪ್ಪು ಡಬ್ಬವೊಂದು ಸರ್ವಿಸ್ ಸೆಂಟರಿನ ಕೌಂಟರಿನ ಮೇಲೆ ಧೊಪ್ಪೆಂದು ಬಿತ್ತು. ಟೋಕನ್ ಹಿಡಿದು ಕೂತಿದ್ದವರೆಲ್ಲ ತಲೆಯೆತ್ತಿದರು.

ಕೌಂಟರಿನಲ್ಲಿದ್ದ ಪ್ರಾಜಕ್ತಾ ಸಮಾಧಾನದಿಂದಲೇ ಬಿಲ್ ಕೇಳಿದಳು. ಬಿಲ್ಲನ್ನು ಎಸೆದಂತೆ ಕೊಟ್ಟ ಆ ಯುವಕ ಕನ್ನಡದಲ್ಲಿ ಗೊಣಗಿದ, "ಮಾರುವವರೂ ಕಳ್ಳರು, ಇಲ್ಲಿ ಕೂತವಳೂ ಕಳ್ಳಿ!"

"ಈ ಕಳ್ಳಿಗೆ ಕನ್ನಡ ತಿಳೀತದ್ರಿ."

ಅವನ ಮುಖ ಕೆಂಪೇರಿತು. ಆದರೂ ಸೋಲಲಿಲ್ಲ.

"ಒಳ್ಳೇದಾಯ್ತು. ಹಾಗಾದ್ರೆ ಕನ್ನಡದಲ್ಲೇ ಕೇಳಿ. ಹೆಜ್ಜೆ ಸದ್ದು ಸುತ್ತಲೂ ಕೇಳ್ತದೆ ಅಂತ ಡಬ್ಬದ ಮೇಲೆ ಬರ್ದಿದ್ದಾರೆ. ನನಗೆ ಎಲ್ಲ ಬಲಗಡೆಯೇ ಕೇಳುದು! ಮೂರು ತಿಂಗಳು ಉಳಿಸಿ ತಗೊಂಡದ್ದು ಮಾರಾಯ್ರೆ ಇದು..."

ಬಿಲ್ಲಿನಲ್ಲಿ ಸಮಿತ್ ಎಂದಿತ್ತು. ತುರ್ಭೆಯಲ್ಲಿ ಸೋದರಮಾವ ಲೀಲಾಧರರ ಹೋಟೆಲಿನ ಗಲ್ಲಾದಲ್ಲಿ ಕೂರುವ ಉಡುಪಿ ಕಡೆಯ ಹುಡುಗ. ಉಳಿದ ಹೊತ್ತೆಲ್ಲ ಐದು ಜನರ ಟೀಮು, ಆನ್‌ಲೈನ್ ಶೂಟಿಂಗ್ ಗೇಮು. ಮುಂದಿನ ತಿಂಗಳು ದೊಡ್ಡ ಟೂರ್ನಮೆಂಟು ಬೇರೆ.

ಘಣಸೋಲಿಯ ಆ ಸರ್ವಿಸ್ ಸೆಂಟರಿನಲ್ಲಿ ಪ್ರಾಜಕ್ತಾ ನಾಲ್ಕು ವರ್ಷಗಳಿಂದ ಇಂಥ ಸಿಟ್ಟುಗಳನ್ನು ಎಷ್ಟೋ ಕಂಡಿದ್ದಳು. ಹೆಡ್‌ಸೆಟ್ ತಾನೇ ಹಾಕಿಕೊಂಡು ಟೆಸ್ಟ್ ಹಚ್ಚಿದಳು. ಬೂಟಿನ ಹೆಜ್ಜೆಗಳು ಎಡಗಡೆ ಹುಟ್ಟಿ, ಬೆನ್ನ ಹಿಂದೆ ಸರಿದು, ಬಲಕ್ಕೆ ಬಂದವು. ಏನೂ ದೋಷವಿಲ್ಲ!

"ಇದನ್ನ ತಿರುಗಿಸಿ ಹಾಕ್ಕೊಳ್ರಿ. ಎಡದ್ದು ಬಲಕ್ಕ, ಬಲದ್ದು ಎಡಕ್ಕ."

ಅವನು ಹಾಗೆಯೇ ಮಾಡಿದ.

"ಈಗ?"

"ನೋಡಿ! ಈಗಲೂ ಬಲಗಡೆಯೇ! ನಾನು ಹೇಳಿದ್ದು ಸರಿ ಅಲ್ವಾ?"

ಗೆದ್ದವನಂತೆ ನಕ್ಕ. ಆಮೇಲೆ, ಯಾಕೋ, ಆ ನಗು ಅಲ್ಲೇ ನಿಂತುಹೋಯಿತು.

ಪ್ರಾಜಕ್ತಾ ಅವನ ಕತ್ತನ್ನೇ ನೋಡಿದಳು. ಅವಳ ಅಪ್ಪ ಶಂಕರೆಪ್ಪ, ಕಾರ್ಖಾನೆಗಳೇ ತುಂಬಿದ ವಾಗ್ಳೆ ಎಸ್ಟೇಟಿನಲ್ಲಿ ಪ್ರೆಸ್ ಮಷೀನುಗಳ ನಡುವೆ ಮೂವತ್ತು ವರ್ಷ ದುಡಿದು ಕಿವಿ ಕಳೆದುಕೊಂಡವನು. ಯಾರಾದರೂ ಮಾತಾಡಿದರೆ ಅವನು ಹೀಗೆಯೇ ಕತ್ತು ಓರೆ ಮಾಡುತ್ತಿದ್ದ. ಈ ಸಮಿತನೂ ಬಂದಾಗಿನಿಂದ ಬಲಗಿವಿಯನ್ನೇ ಮುಂದೆ ಚಾಚಿ ನಿಂತಿದ್ದ...

'ಹೆಡ್‌ಸೆಟ್ ಚಲೋ ಅದ. ಕೇಳದೇ ಇರೋದು ಇವನ ಕಿವಿ.'

ಮಾತು ತುಟಿಯವರೆಗೆ ಬಂತು. ಆದರೆ ಅಪರಿಚಿತನಿಗೆ, ಅದೂ ಇಷ್ಟು ಸಿಟ್ಟಿನಲ್ಲಿ ಇರುವವನಿಗೆ, 'ನಿಮ್ಮ ಕಿವಿ ತೋರಿಸ್ಕೊಳ್ರಿ' ಅಂತ ಹೇಗೆ ಹೇಳುವುದು? ರಂಪ ಮಾಡಿದರೆ? ಮ್ಯಾನೇಜರ್ ಆಗಲೇ ಗಾಜಿನ ಆಚೆಯಿಂದ ನೋಡುತ್ತಿದ್ದ.

ಅವಳು ಫಾರ್ಮ್ ಎಳೆದುಕೊಂಡು ಬರೆದಳು: ಬದಲಿ ಪೀಸ್ ಕೊಡುವುದು.

"ಹದಿನೈದು ದಿನ ಆಗ್ತದ್ರಿ."

ಆ ಹದಿನೈದು ದಿನ ಸಮಿತ್ ದಿನಾ ಫೋನ್ ಮಾಡಿದ. ಮೊದಲೆರಡು ದಿನ ಹೆಡ್‌ಸೆಟ್ ಎಲ್ಲಿಗೆ ಬಂತು ಎಂದು ಕೇಳಲು. ಮೂರನೆಯ ದಿನ "ಕಳ್ಳಿ" ಎಂದದ್ದಕ್ಕೆ ಕ್ಷಮೆ ಕೇಳಲು. ಆಮೇಲೆ ನೆಪಗಳೇ ಬೇಕಾಗಲಿಲ್ಲ. ಡೊಂಬಿವ್ಲಿಯ ಮನೆಗೆ ಹೋಗುವ ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಪ್ರಾಜಕ್ತಾ ಒಂದು ಕೈಯಲ್ಲಿ ಫೋನ್ ಹಿಡಿದು ಅವನ ಮಾತು ಕೇಳಿ ನಗುತ್ತಿದ್ದಳು.

ಒಂದು ಭಾನುವಾರ ಇಬ್ಬರೂ ಠಾಣೆಯ ಕೆರೆಯ ದಂಡೆಯಲ್ಲಿ ಕೂತರು. ಅವನು ಅವಳ ಎಡಕ್ಕೇ ಬಂದು ಕೂತ, ಬಲಗಿವಿ ಅವಳ ಕಡೆಗಿರುವಂತೆ.

'ಇವತ್ತ ಹೇಳಿಬಿಡ್ತೀನಿ...' ಎಂದುಕೊಂಡಳು. ಅವನು ಎಷ್ಟು ಸಂತೋಷವಾಗಿದ್ದನೆಂದರೆ, ಹೇಳಲು ಮನಸ್ಸು ಬರಲಿಲ್ಲ.

ಹೊಸ ಪೀಸ್ ಬಂತು. ಮಾರನೆಯ ದಿನವೇ ಅವನು ಅದನ್ನು ಹಿಡಿದು ಸೆಂಟರಿಗೆ ಬಂದ. ಕೂಗಲಿಲ್ಲ. ಡಬ್ಬವನ್ನು ಮೆಲ್ಲಗೆ ಇಟ್ಟ.

"ಇದೂ ಹಾಗೆಯೇ... ನನ್ನನ್ನು ಟೀಮಿಂದ ತೆಗ್ದರು, ಪ್ರಾಜಕ್ತಾ. ನನ್ನಿಂದಾಗಿ ಸೋಲುದಂತೆ."

ಇನ್ನು ಅವಳಿಂದ ಆಗಲಿಲ್ಲ.

"ಸಮಿತ್, ಹೆಡ್‌ಸೆಟ್ ಎರಡೂ ಸರಿ ಅದಾವ. ನಿಮ್ಮ ಎಡಗಿವಿ ಡಾಕ್ಟರಿಗೆ ತೋರಿಸ್ಬೇಕ್ರಿ."

ಅವನು ಡಬ್ಬದಿಂದ ಕೈ ತೆಗೆದ. "ನಿಮಗೆ ಯಾವಾಗ ಗೊತ್ತಾದದ್ದು?"

"ಮೊದಲನೇ ದಿನನ..."

ಅವತ್ತೇ ಠಾಣೆಯ ಕಿವಿ ಡಾಕ್ಟರ್ ರಮಾಮಣಿಯವರ ಹತ್ತಿರ ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಡಾಕ್ಟರ್ ಮೊದಲು ಕೇಳಿದ ಪ್ರಶ್ನೆ: ಯಾವಾಗಿನಿಂದ?

"ಹೆಡ್‌ಸೆಟ್ ತಗೊಂಡ ದಿನದಿಂದ," ಎಂದ ಸಮಿತ್.

"ಹೀಗೆ ಹಠಾತ್ತಾಗಿ ಕಿವಿ ಹೋದಾಗ ಮೊದಲ ಕೆಲವು ದಿನಗಳಲ್ಲೇ ಬರಬೇಕು. ಆಗ ಉಳಿಸಿಕೊಳ್ಳೋ ಅವಕಾಶ ಜಾಸ್ತಿ ಇರುತ್ತೆ. ಇಷ್ಟು ತಡ ಯಾಕೆ ಮಾಡಿದಿರಿ?"

ಪ್ರಾಜಕ್ತಾ ಮನಸ್ಸಿನಲ್ಲೇ ಎಣಿಸಿದಳು. ಹದಿನೈದು ದಿನ! ಒಂದು ಮಾತು ಹೇಳಿದ್ದರೆ...

ಮಾತ್ರೆ ಆಯಿತು. ಕಿವಿಯೊಳಗೆ ನಾಲ್ಕು ಇಂಜೆಕ್ಷನ್ ಆಯಿತು. ನಾಲ್ಕಕ್ಕೂ ಅವಳು ಹೊರಗಿನ ಬೆಂಚಿನ ಮೇಲೆ ಕೂತು ಕಾದಳು. ಕೊನೆಯ ಪರೀಕ್ಷೆಯ ಕಾಗದದಲ್ಲಿ ಎಡಗಿವಿಯ ಗೆರೆ ಮೊದಲು ಎಲ್ಲಿತ್ತೋ ಅಲ್ಲೇ ಕೆಳಗೆ ಬಿದ್ದಿತ್ತು.

ಮೆಟ್ಟಿಲಿಳಿಯುವಾಗ ಸಮಿತ್ ನಿಂತ.

"ನಿಮಗೆ ಗೊತ್ತಿತ್ತು. ಫೋನಲ್ಲಿ ನಗಾಡಿದ್ದೀರಿ, ಕೆರೆ ಹತ್ರ ಕಡ್ಲೆ ತಿಂದಿದ್ದೀರಿ... ಗೊತ್ತಿದ್ದೂ! ಇನ್ನು ನನಗೆ ಫೋನ್ ಮಾಡ್ಬೇಡಿ."

ಅವಳು ಪರೀಕ್ಷೆಯ ಕಾಗದವನ್ನು ಅವನ ಕೈಗಿಟ್ಟು ಮೆಟ್ಟಿಲಿಳಿದಳು.

ಎರಡು ತಿಂಗಳು ಕಳೆದವು. ಊಟ ಸೇರಲಿಲ್ಲ. ಯಾರು ಹೆಡ್‌ಸೆಟ್ ತಂದರೂ ಪಕ್ಕದ ಕೌಂಟರಿಗೆ ಕಳಿಸುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ತುರ್ಭೆಗೆ ಹೋದಳು. ಕ್ಷಮಿಸದಿದ್ದರೂ ಪರವಾಗಿಲ್ಲ, ಒಮ್ಮೆ ನೋಡಬೇಕಿತ್ತು.

ಊಟದ ಹೊತ್ತು. ಮಾರ್ಕೆಟಿನಲ್ಲಿ ಮೂಟೆ ಹೊರುವವರಿಂದ ಹೋಟೆಲು ತುಂಬಿತ್ತು. ತಟ್ಟೆಗಳ ಸದ್ದು, ಹೊರಗೆ ಲಾರಿಗಳ ಹಾರ್ನು. ಗಲ್ಲಾದಲ್ಲಿದ್ದ ಸಮಿತ್ ಸೊರಗಿಹೋಗಿದ್ದ. ಎಡಗಡೆಯಿಂದ ಒಬ್ಬ ಚಿಲ್ಲರೆ ಕೇಳಿದ. ಸಮಿತ್ ತಿರುಗಲಿಲ್ಲ. ಮತ್ತೆ ಕೇಳಿದ.

"ಅರೇ ಬೆಹರೇ! ಸುನಾಯಿ ನಹಿ ದೇತಾ ಕ್ಯಾ?"

ಕಿವುಡ! ಇಡೀ ಮೇಜು ನಕ್ಕಿತು. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯದೆ ಅವನು ಆ ಕಡೆ ಈ ಕಡೆ ಹುಡುಕಿದ. ಆಮೇಲೆ ತಾನೂ ನಕ್ಕುಬಿಟ್ಟ.

ಆ ನಗು ಕಂಡು ಪ್ರಾಜಕ್ತಾ ಬಾಗಿಲಲ್ಲೇ ನಿಂತು ಅತ್ತಳು.

ಅವನು ಅವಳನ್ನು ಕಂಡ. ಗಲ್ಲಾದಲ್ಲಿ ಮಾವನನ್ನು ಕೂರಿಸಿ, ಅವಳನ್ನು ಒಳಗಿನ ಸಣ್ಣ ಕೋಣೆಗೆ ಕರೆದೊಯ್ದ. ಅಕ್ಕಿ ಮೂಟೆಯ ಮೇಲೆ ಕೂರಿಸಿ ನೀರು ಕೊಟ್ಟ.

"ನನ್ನ ತಪ್ಪು... ನಾ ಅವತ್ತ ಹೇಳಬೇಕಿತ್ರಿ..."

"ಅಳ್ಬೇಡಿ. ಮೊದ್ಲು ನಾನು ಹೇಳುದನ್ನು ಕೇಳಿ." ಅವನು ಎದುರಿಗೆ ಕೂತ. "ನಾನು ಡಾಕ್ಟರಿಗೆ ಸುಳ್ಳು ಹೇಳಿದ್ದೆ."

"ಏನು?"

"ಹೆಡ್‌ಸೆಟ್ ತಗೊಳ್ಳುವ ಹದಿನೆಂಟು ದಿನ ಮೊದಲು, ಒಂದು ಬೆಳಿಗ್ಗೆ ಏಳುವಾಗ ಎಡಗಿವಿ ಮುಚ್ಚಿದ ಹಾಗಿತ್ತು. ಗುಂಯ್ ಅಂತ ಒಂದೇ ಸದ್ದು. ಯಾರಿಗೂ ಹೇಳ್ಲಿಲ್ಲ. ಮಾವ ಗೇಮ್ ಬಿಡಿಸ್ತಾರೆ, ಟೀಮಿನವರು ಹೊರಗೆ ಹಾಕ್ತಾರೆ ಅಂತ ಹೆದರಿಕೆ. ಹಳೇ ಹೆಡ್‌ಸೆಟ್ ಹಾಳಾಗಿದೆ, ಉಳಿಸಿದ್ದ ದುಡ್ಡಲ್ಲಿ ಒಳ್ಳೇದು ತಗೊಂಡ್ರೆ ಸರಿಯಾಗ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದೂ ಕೇಳದೇ ಇದ್ದಾಗ ಜೀವ ಹೋದ ಹಾಗಾಯ್ತು. ತಿರುಗಿಸಿ ಹಾಕಿ ಅಂದ್ರಲ್ಲ, ಆಗ್ಲೇ ನನಗೂ ಗೊತ್ತಾಗಿತ್ತು, ಪ್ರಾಜಕ್ತಾ. ಕಿವಿ ಕಳ್ಕೊಂಡದ್ದು ನಾನೇ. ಅದನ್ನು ಹೊರ್ಲಿಕ್ಕೆ ಆಗದೆ ನಿಮ್ಮ ತಲೆ ಮೇಲೆ ಹಾಕಿದೆ..."

ಪ್ರಾಜಕ್ತಾಳಿಗೆ ಸಿಟ್ಟು ಬರಬೇಕಿತ್ತು. ಎರಡು ತಿಂಗಳು! ಬಂತು ಕೂಡ. ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು.

"ನಾ ದಿನಾ ಸತ್ತೀನಿ, ಗೊತ್ತದ ನಿಮಗ?"

"ಗೊತ್ತುಂಟು. ನಾನೂ ಅಷ್ಟೇ."

ಆ ಕೈಯನ್ನು ಅವನು ಬಿಡಲಿಲ್ಲ.

"ಇದು ಇನ್ನು ಸರಿಯಾಗುದಿಲ್ಲ," ಎಂದ ಮೆಲ್ಲಗೆ. "ಬದುಕಿಡೀ ಹೀಗೆಯೇ. ಜನ ನಗ್ತಾರೆ. ನಿಮ್ಮ ಮನೆಯಲ್ಲಿ ಒಪ್ಪುದಿಲ್ಲ. ಆದ್ರೂ... ನೀವು ಇಲ್ಲದೆ ನನ್ನಿಂದ ಆಗುದಿಲ್ಲ. ನನ್ನ ಜೊತೆ ಇರ್ತೀರಾ?"

ಹೊರಗೆ ಲಾರಿಯೊಂದು ಗಡಗಡಿಸುತ್ತಾ ಹಾದುಹೋಯಿತು. ಪ್ರಾಜಕ್ತಾಳ ತುಟಿ ಅಲುಗಿತು.

"ಎಂತ? ಕೇಳ್ಲಿಲ್ಲ..." ಅವನ ಕಣ್ಣಲ್ಲಿ ಗಾಬರಿ.

ಅವಳು ಅವನ ಬಲಗಿವಿಯ ಹತ್ತಿರಕ್ಕೆ ಬಾಗಿದಳು.

"ಇರ್ತೀನಿ ಅಂದೆ. ಕೇಳಲಿಲ್ಲಂದ್ರ ಇನ್ನೊಮ್ಮೆ ಹೇಳ್ತೀನಿ."

"ಇನ್ನೊಮ್ಮೆ ಹೇಳಿ."

"ಇರ್ತೀನಿ, ಸಮಿತ್."