ಕಾಲುಸೇತುವೆಗೆ ಕೆಂಪು ಚುಕ್ಕಿ

ದುರಸ್ತಿ ಶೆಡ್ಡಿನ ಮೇಸ್ತ್ರಿ ವರ್ಗಾವಣೆ ಕೇಳಿದ್ದಾನೆ ಎಂಬ ಸುದ್ದಿ ಅವಳ ಕಿವಿಗೆ ಬಿದ್ದದ್ದು ಪುರಸಭೆಯ ಮೆಟ್ಟಿಲ ಮೇಲೆ. ಎದುರಿಗೆ ಸಿಕ್ಕ, ಕಚೇರಿಯ ಟಪಾಲು ನೋಡುವ ಅಕ್ಕ, ನಿನ್ನ ಕಾಟ ತಡೆಯಲಾರದೆ ಪಾಪದವನು ಬೀದಿದೀಪದ ವಿಭಾಗಕ್ಕೆ ಓಡುತ್ತಿದ್ದಾನೆ ಎಂದು ನಕ್ಕು ಹೋದಳು. ಅಕ್ಕನಿಗೆ ಅದು ತಮಾಷೆ. ಇವಳಿಗಲ್ಲ.

ಅವಳ ಕೆಲಸವೇ ಅಂಥದ್ದು. ಊರಿನ ಬೆಂಚು, ಕಂಬಿ, ಕಾಲುಸೇತುವೆಗಳನ್ನು ಹಿಡಿದು ಅಲ್ಲಾಡಿಸಿ ನೋಡಬೇಕು. ಗಟ್ಟಿಯಿದ್ದರೆ ಹಸಿರು ಚುಕ್ಕಿ, ಇಲ್ಲದಿದ್ದರೆ ಕೆಂಪು. ಕೆಂಪು ಬಿದ್ದದ್ದನ್ನು ಮೇಸ್ತ್ರಿ ಸರಿಮಾಡಬೇಕು. ಅವನು ಸರಿಮಾಡಿದ್ದನ್ನು ಅವಳು ಮತ್ತೆ ಅಲ್ಲಾಡಿಸಬೇಕು. ದುರಸ್ತಿ ಶೆಡ್ಡಿನವರು ಅವಳಿಗೆ ‘ಅಲ್ಲಾಡಿಸಮ್ಮ’ ಎಂದೇ ಹೆಸರಿಟ್ಟಿದ್ದರು.

ಮೇಸ್ತ್ರಿ ಮಾತ್ರ ಹಾಗೆ ಕರೆದವನಲ್ಲ. ಅವಳು ಬಂದರೆ ಒಂದು ಹೆಜ್ಜೆ ಹಿಂದೆ ಸರಿದು, ಕೈ ಒರೆಸಿಕೊಂಡು, ಕಂಬಿಯ ಮೇಲೆ ಓಡಾಡುವ ಅವಳ ಬೆರಳುಗಳನ್ನೇ ನೋಡುತ್ತ ನಿಲ್ಲುತ್ತಿದ್ದ. ಅವಳು ತಲೆಯೆತ್ತಿದರೆ ಆಕಾಶ ನೋಡುತ್ತಿದ್ದ. ತುಟಿಯಂಚಿನ ನಗುವನ್ನು ಮಾತ್ರ ಅಡಗಿಸಲು ಬರುತ್ತಿರಲಿಲ್ಲ. ಆ ನಗುವಿಗಾಗಿ ಅವಳು ಹೊರಡುವ ಮುಂಚೆ ಇನ್ನೊಮ್ಮೆ ಕನ್ನಡಿಯ ಮುಂದೆ ನಿಲ್ಲುವುದು ಮನೆಯಲ್ಲಿದ್ದ ಚಿಕ್ಕಮ್ಮನಿಗೂ ಗೊತ್ತಿತ್ತು.

ಕಳೆದ ವಾರ ಶಾಲೆಯ ಪಕ್ಕದ ಕಾಲುಸೇತುವೆಯ ಕಂಬಿಗೆ ಮತ್ತೆ ಕೆಂಪು ಚುಕ್ಕಿ ಇಟ್ಟಿದ್ದಳು. ಕೂದಲೆಳೆಯಷ್ಟು ಅಲುಗಾಟ. ಕಂಡೂ ಕಾಣದಂತೆ ಬಿಟ್ಟಿದ್ದರೆ ನಡೆಯುತ್ತಿತ್ತೇನೋ. ಆದರೆ ಮಕ್ಕಳು ಆ ಕಂಬಿಗೆ ಜೋತುಬೀಳುವುದನ್ನು ನೆನೆದರೆ ಹಾಗೆ ಬಿಡಲು ಮನಸ್ಸು ಬರಲಿಲ್ಲ. ಹೀಗೆ ಎಲ್ಲವನ್ನೂ ಜಗ್ಗಿ ನೋಡುತ್ತಿದ್ದರೆ ನಿನ್ನ ಹತ್ತಿರ ಯಾರು ನಿಂತಾರು ಎಂದು ಚಿಕ್ಕಮ್ಮ ಕೇಳುತ್ತಿದ್ದದ್ದು ಈಗ ನಿಜವಾಯಿತಲ್ಲ ಅನ್ನಿಸಿತು.

ಮಧ್ಯಾಹ್ನ ಸೇತುವೆಗೆ ಹೋದಳು. ಎರಡೂ ತುದಿಗೆ ಹಗ್ಗ ಕಟ್ಟಿತ್ತು. ಮೇಸ್ತ್ರಿ ಒಬ್ಬನೇ ಸ್ಪ್ಯಾನರ್ ಹಿಡಿದು ಕೂತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವನನ್ನು ಕಂಡೊಡನೆ ಕಲಸಿಹೋದವು.

“ಕೋಪ ಇದ್ರೆ ಹೇಳಿಬಿಡಿ. ಕೆಂಪು ಚುಕ್ಕಿ ಇಟ್ಟಿದ್ದು ಕಂಬಿಗೆ, ನಿಮಗಲ್ಲ.”

“ಕೋಪಾನಾ?” ಅವನು ಎದ್ದು ನಿಂತ. “ನೀವು ಅಲ್ಲಾಡಿಸಿ ನೋಡಿದ ಮೇಲೇನೇ ನಂಗೆ ನಿದ್ದೆ ಬರೋದು.”

“ಮತ್ತೆ ಬೀದಿದೀಪ ಯಾಕೆ?”

ಅವನು ಕೈಯಲ್ಲಿನ ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡಿದ. “ನಿಯಮ ಇದೆಯಲ್ಲ. ದುರಸ್ತಿ ಮಾಡೋನೂ ಅದನ್ನ ತಪಾಸಣೆ ಮಾಡೋರೂ ಒಂದೇ ಮನೆಯವರಾಗೋ ಹಾಗಿಲ್ಲ. ದೀಪದ ತಪಾಸಣೆಗೆ ಬೇರೆಯವರಿದ್ದಾರೆ.” ಕಿವಿ ಕೆಂಪಾಗಿತ್ತು. “ಮೊದಲು ನಿಮ್ಮನ್ನ ಕೇಳಬೇಕಿತ್ತು. ಧೈರ್ಯ ಸಾಲಲಿಲ್ಲ. ಅರ್ಜೀನೇ ಮೊದಲು ಕೊಟ್ಬಿಟ್ಟೆ.”

ಅವಳ ಕೈ ತನಗೆ ಗೊತ್ತಿದ್ದದ್ದನ್ನು ಮಾಡಿತು: ಕಂಬಿಯನ್ನು ಹಿಡಿದು ಜಗ್ಗಿತು. ಕೊನೆಯ ಬೋಲ್ಟಿನ ಬಳಿ ಅದು ಅಲುಗಿತು.

ಅಯ್ಯೋ, ಈಗಲೇ ಆಗಬೇಕಿತ್ತೇ. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ.

“ಇಲ್ಲಿ ಅಲುಗಾಡ್ತಿದೆ,” ಎಂದಳು. ದನಿ ಅಳುವಿನ ಅಂಚಿನಲ್ಲಿತ್ತು.

ಅವನು ಮುಖ ಸಿಂಡರಿಸಲಿಲ್ಲ. ಕುಕ್ಕರಗಾಲಲ್ಲಿ ಕೂತು ನಟ್ಟು ತಿರುಗಿಸಿದ. ಅದರ ಜೊತೆಗೆ ಬೋಲ್ಟೂ ತಿರುಗಿತು. ಆಚೆ ಬದಿಯಿಂದ ಒಬ್ಬರು ಹಿಡಿಯಬೇಕು. ಜೊತೆಯವನು ಶೆಡ್ಡಿಗೆ ಹೋಗಿದ್ದಾನೆ, ಬರಲಿ ಎಂದ.

ಅವಳು ಸುತ್ತ ನೋಡಿದಳು. ಹಗ್ಗದಾಚೆ ಇಬ್ಬರು ಹೆಂಗಸರು ಚೀಲ ಹಿಡಿದು ಕಾಯುತ್ತಿದ್ದರು. ತಾನೇ ಹಿಡಿಯಬಹುದು, ಆದರೆ ದುರಸ್ತಿಗೆ ಕೈ ಹಾಕಿದವರು ಅದಕ್ಕೆ ಚುಕ್ಕಿ ಇಡುವಂತಿಲ್ಲ. ಬೇರೆಯವರನ್ನು ಕರೆಸಬೇಕು, ಕಾರಣ ಹೇಳಬೇಕು, ಸಂಜೆಯೊಳಗೆ ಅದು ಟಪಾಲಿನ ಅಕ್ಕನ ಬಾಯಲ್ಲಿ ಇಡೀ ಕಚೇರಿ ಸುತ್ತುತ್ತದೆ.

ಅವಳು ಕಂಬಿಯ ಆಚೆ ಬದಿಗೆ ಹೋಗಿ ಕೂತಳು. ಇನ್ನೊಂದು ಸ್ಪ್ಯಾನರ್ ಎತ್ತಿ ಬೋಲ್ಟಿನ ತಲೆಗೆ ಕೂರಿಸಿದಳು.

ಅವನ ಕೈ ನಿಂತಿತು. “ನೀವು ಹಿಡಿದ್ರೆ ನೀವು ಚುಕ್ಕಿ ಇಡೋ ಹಾಗಿಲ್ಲ.”

“ಗೊತ್ತು. ಹಿರಿಯ ತಪಾಸಕರನ್ನ ಕರೀತೀನಿ.”

“ಯಾಕೆ ಅಂತ ಕೇಳ್ತಾರೆ.”

“ಕೇಳಲಿ. ಹೇಳ್ತೀನಿ.”

ಈ ಸಲ ಅವನು ಆಕಾಶ ನೋಡಲಿಲ್ಲ. ಕಂಬಿಗಳ ನಡುವಿನಿಂದ ಅವಳನ್ನೇ ನೋಡುತ್ತ ನಟ್ಟು ತಿರುಗಿಸಿದ. ಅವಳು ಹಿಡಿತ ಬಿಡಲಿಲ್ಲ. ಕಬ್ಬಿಣ ಕಿರ್ರೆಂದಿತು.

“ಸಾಕಾ?” ಎಂದ, ಮೆಲ್ಲಗೆ.

“ಇನ್ನೊಂಚೂರು,” ಎಂದಳು ಅವಳು.