ಕ್ಲಿಪ್ ಮೇಲೋ, ಕೆಳಗೋ

"ನಿಮ್ಮ ಕೇಬಲ್ ಡೆಡ್ ಕಣ್ರೀ! ಸಂಜೆ ಒಳ್ಗೆ ಇದು ಆಗ್ಲಿಲ್ಲ ಅಂದ್ರೆ ನನ್ನನ್ನ ಆಫೀಸಲ್ಲಿ ಕೂರಿಸ್ತಾರೆ, ಗೊತ್ತಾ?"

ಫೋನಿನಲ್ಲಿ ಧನಪಾಲ್‌ಗೆ ನಾನು ಆವತ್ತು ಆಡಿದ ಮಾತುಗಳಲ್ಲಿ ಇದೇ ಸ್ವಲ್ಪ ಮೆತ್ತಗಿನದು.

ಅವನದು ಕಡೂರಿನಲ್ಲಿ ಕೇಬಲ್ ಅಂಗಡಿ. ನಾನು ತ್ರಿವೇಣಿ, ಅಜ್ಜಂಪುರದವಳು; ಮನೆಗಳಿಗೆ ಸೋಲಾರ್ ಕೂರಿಸುತ್ತೇನೆ. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಇದೆಯೆಂದು ಇನ್ವರ್ಟರ್‌ಗೆ ತಿಳಿಸುವ ಡೇಟಾ ಕೇಬಲ್‌ಗಳನ್ನು ಅವನು ಮಾಡಿ ಬಸ್ಸಿಗೆ ಹಾಕುತ್ತಿದ್ದ. ನಾಲ್ಕು ತಿಂಗಳಿಂದ ಪರಿಚಯ, ಮುಖ ಮಾತ್ರ ನೋಡಿರಲಿಲ್ಲ. ಪೊಟ್ಟಣದ ಮೇಲೆ ಮುದ್ದಾದ ಅಕ್ಷರದಲ್ಲಿ 'ತ್ರಿವೇಣಿ ಮೇಡಂಗೆ' ಎಂದು ಬರೆದಿರುತ್ತಿದ್ದ. ಆ ಕಾಗದಗಳನ್ನೆಲ್ಲ ನಾನು ಎತ್ತಿಟ್ಟಿದ್ದೇನೆ ಎಂದು ಅವನಿಗೇನು ಗೊತ್ತು!

ತರೀಕೆರೆಯ ಮಹಬೂಬ್ ಬಿ ಅವರ ಮನೆ ನಾನು ಒಬ್ಬಳೇ ಮಾಡುತ್ತಿದ್ದ ಮೊದಲ ಕೆಲಸ. ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್ ಎಲ್ಲ ಕೂರಿಸಿಯಾಗಿತ್ತು. ಆದರೆ ಇನ್ವರ್ಟರ್‌ನಲ್ಲಿ ಕೆಂಪು ದೀಪ. ಬ್ಯಾಟರಿ ಅದಕ್ಕೆ ಕಾಣುತ್ತಲೇ ಇಲ್ಲ. "ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ಸುದೀಪನ್ನ ಕಳಿಸ್ತೀನಿ, ನೀನು ಆಫೀಸಲ್ಲಿ ಕೂತು ಫೋನ್ ಎತ್ಕೊಂಡಿರು" ಎಂದು ನಮ್ಮ ಬಾಸ್ ಗುರುಮೂರ್ತಿ ಸರ್ ಬೆಳಿಗ್ಗೆಯೇ ಹೇಳಿದ್ದರು.

ಫೋನ್ ಎತ್ತೋದಕ್ಕಾ ನಾನು ಐಟಿಐ ಮಾಡಿದ್ದು?

ಮೂರು ಗಂಟೆಗೆ ಬಾಗಿಲಲ್ಲಿ ಬೈಕ್ ನಿಂತಿತು.

"ಯಾರ್ರೀ ನನ್ನ ಕೇಬಲ್ ಡೆಡ್ ಅಂದಿದ್ದು?"

ಹೆಲ್ಮೆಟ್ ತೆಗೆದ. ದನಿಯಲ್ಲಿ ಸಿಟ್ಟು, ಕಣ್ಣಲ್ಲಿ ತುಂಟ ನಗು. ಇಷ್ಟು ಚೆನ್ನಾಗಿದ್ದಾನೆ ಅಂತ ಮೊದಲೇ ಗೊತ್ತಿದ್ದರೆ ಬೈಗುಳ ಸ್ವಲ್ಪ ಕಡಿಮೆ ಮಾಡುತ್ತಿದ್ದೆ.

"ನಾನೇ. ಏನೀಗ?"

"ಏನಿಲ್ಲ. ಇಷ್ಟು ದಿನ ಯಾರ ಹತ್ರ ಬೈಸ್ಕೊಂಡೆ ಅಂತ ನೋಡ್ಕೊಂಡು ಹೋಗಾಣ ಅಂತ ಬಂದೆ."

ಟೆಸ್ಟರ್‌ಗೆ ಕೇಬಲ್ ಹಾಕಿದ. ಎಂಟು ತಂತಿಗೆ ಎಂಟೂ ದೀಪ ಹತ್ತಿದವು. ನಾನು ಫೋನಿನಲ್ಲಿ ಬರೆಸಿದ್ದ ಬಣ್ಣಗಳ ಪಟ್ಟಿ ತೋರಿಸಿದ. ಒಂದು ತಂತಿಯೂ ಆಚೀಚೆ ಆಗಿರಲಿಲ್ಲ. ನಾನು ಪ್ಲಗ್ ಕೈಗೆತ್ತಿಕೊಂಡು ಇನ್ವರ್ಟರ್ ಪುಸ್ತಕದ ಚಿತ್ರದ ಪಕ್ಕ ಹಿಡಿದೆ. ಪ್ಲಗ್‌ನ ಪುಟ್ಟ ಪ್ಲಾಸ್ಟಿಕ್ ಕ್ಲಿಪ್ ಕೆಳಗೆ ಮಾಡಿ ತಂತಿಗಳನ್ನು ಎಡದಿಂದ ಎಣಿಸಬೇಕಿತ್ತು. ನಾನು ಕ್ಲಿಪ್ ಮೇಲೆ ಮಾಡಿ ಎಣಿಸಿ, ಬಣ್ಣಗಳನ್ನೆಲ್ಲ ತಿರುವುಮುರುವಾಗಿ ಹೇಳಿದ್ದೆ.

ನನ್ನ ಮುಖ ನೋಡಿಯೇ ಅವನಿಗೂ ಗೊತ್ತಾಗಿಹೋಯಿತು.

ಮಹಬೂಬ್ ಬಿ ಟೀ ಹಿಡಿದು ಬಂದರು. "ಏನಾಯ್ತಮ್ಮಾ? ಯಾರ್ದು ತಪ್ಪು?"

"ನಂದೇ ಅಮ್ಮಾ, ಉಲ್ಟಾ ಹಾಕ್ಬಿಟ್ಟಿದ್ದೆ" ಎಂದುಬಿಟ್ಟ ಧನಪಾಲ್.

ನನ್ನ ಮೈಯೆಲ್ಲ ಉರಿದುಹೋಯಿತು.

"ಸುಮ್ನಿರ್ರೀ! ಅಮ್ಮಾ, ತಪ್ಪು ನಂದು. ಇವರ ಕೆಲಸದಲ್ಲಿ ಕೂದಲೆಳೆಯಷ್ಟೂ ಐಬಿಲ್ಲ. ನಾನು ಕೆಡಿಸಿದ್ದನ್ನ ನಾನೇ ಸರಿ ಮಾಡ್ತೀನಿ."

ತಂತಿಗೆ ಪ್ಲಗ್ ಒತ್ತಿ ಕೂರಿಸುವ ಅವನ ಕ್ರಿಂಪಿಂಗ್ ಟೂಲ್‌ಗೆ ಕೈ ಚಾಚಿದೆ. ಅವನು ಕೊಟ್ಟ. ಹಳೇ ಪ್ಲಗ್ ಕತ್ತರಿಸಿ, ಎಂಟು ತಂತಿಗಳನ್ನು ಒಂದೊಂದಾಗಿ ಸಾಲಾಗಿಸಿದೆ. ಅವನು ಪಕ್ಕದಲ್ಲಿ ಕೂತು ಟಾರ್ಚ್ ಹಿಡಿದ. ತಂತಿ ನೋಡಬೇಕಾದ ಕಣ್ಣು ನನ್ನ ಮುಖದ ಮೇಲಿತ್ತು.

"ಕೈ ನಡುಗ್ತಿದೆ ಮೇಡಂ."

"ನಡುಗ್ತಿರೋದು ಟಾರ್ಚು. ನೆಟ್ಟಗೆ ಹಿಡೀರಿ."

ಹೊಸ ಪ್ಲಗ್ ಕಟಕ್ಕೆಂದು ಕೂತಿತು. ಕೆಂಪು ದೀಪ ಹೋಗಿ ಸ್ಕ್ರೀನಿನಲ್ಲಿ ಬ್ಯಾಟರಿ ಮೂಡಿತು: ಅರವತ್ತೆರಡು ಪರ್ಸೆಂಟ್. "ಮಾಷಾ ಅಲ್ಲಾ!" ಎಂದು ಮಹಬೂಬ್ ಬಿ ನನ್ನ ಕೆನ್ನೆ ಸವರಿದರು.

ಅಲ್ಲೇ ನಿಂತು ಬಾಸ್‌ಗೆ ಫೋನ್ ಮಾಡಿದೆ. "ಸರ್, ಬಣ್ಣ ತಪ್ಪು ಹೇಳಿದ್ದು ನಾನು. ಸರಿ ಮಾಡಿದ್ದೂ ನಾನೇ."

"ಸರಿ. ನಾಳೆ ಎಮ್ಮೆದೊಡ್ಡಿ ಕೆಲಸಕ್ಕೂ ನೀನೇ ಹೋಗಮ್ಮ" ಎಂದರು ಸರ್.

ಧನಪಾಲ್ ಬೈಕಿನ ಹತ್ತಿರ ತಲೆ ಕೆರೆದುಕೊಂಡು ನಿಂತಿದ್ದ. "ತಪ್ಪು ನಂದು ಅಂದಿದ್ದಕ್ಕೆ ಬೇಜಾರಾಯ್ತಾ? ನಿಮ್ಮ ಕೆಲಸ ಹೋಗ್ಬಿಡುತ್ತೆ ಅಂತ ಹೆದ್ರಿಕೆ ಆಯ್ತು."

"ನನ್ನ ಕೆಲಸ ಹೋದ್ರೆ ನಿಮಗ್ಯಾಕ್ರೀ ಹೆದ್ರಿಕೆ?"

"ಇಷ್ಟ ಕಣ್ರೀ ನೀವು ನಂಗೆ" ಎಂದ, ನೆಲ ನೋಡುತ್ತಾ. "ನಿಮ್ಮ ಫೋನ್ ಬರದಿದ್ದ ದಿನ ಅಂಗಡಿ ಬಾಗಿಲು ತೆಗ್ಯೋಕೂ ಮನಸ್ಸಾಗಲ್ಲ."

ನನಗೆ ಕುಣಿಯಬೇಕೆನ್ನಿಸಿತು. ಆದರೆ ಬಿಗುಮಾನ ಬಿಡಬೇಕಲ್ಲ!

"ಭಾನುವಾರ ಅಜ್ಜಂಪುರಕ್ಕೆ ಬನ್ನಿ, ಅಪ್ಪ ಮನೇಲಿರ್ತಾರೆ" ಎಂದೆ. "ಆದ್ರೆ ಅವರ ಮುಂದೆ ನನ್ನ ಪರವಾಗಿ ಒಂದು ಮಾತೂ ಆಡ್ಬೇಡಿ. ನಿಮ್ಮನ್ನ ಆರಿಸ್ಕೊಂಡಿದ್ದು ನಾನು ಅಂತ ನಾನೇ ಹೇಳ್ತೀನಿ."