ಪೊರಕೆ ಹಿಡಿದವನಿಗೇ ಮೈಕು

ಇಪ್ಪತ್ತೆರಡು ಬೇಡಿಕೆಗಳ ಭಾಷಣ ಬಾಯಿಪಾಠ ಮಾಡಿ, ಹೆಗಲ ಮೇಲೆ ಕೆಂಪು ಬಾವುಟ ಹೊತ್ತು, ಹೀರೋ ಎಂಟ್ರಿ ಥರ ಚೌಕಕ್ಕೆ ಕಾಲಿಟ್ಟವನ ಕೈಗೆ ಅವಳು ಪೊರಕೆ ಕೊಟ್ಟಳು.

"ಪಕ್ಷದ ಬಾವುಟ ಒಳಗೆ ಬಿಡಲ್ಲ. ಮೈಕ್ ಬೇಕಂದ್ರೆ ಮೊದಲು ಒಂದು ಗಂಟೆ ಗುಡಿಸ್ಬೇಕು. ಎಲ್ರಿಗೂ ಇದೇ ರೂಲ್ಸು."

ಅವಳು ಗಾರ್ಮೆಂಟ್ ಕಾರ್ಖಾನೆಯ ಟೈಲರ್. ಕೆಲಸದ ಅವಧಿಯನ್ನು ಹನ್ನೆರಡು ಗಂಟೆಗೆ ಏರಿಸಿದ ಸರ್ಕಾರಿ ಆದೇಶದ ವಿರುದ್ಧ ನಲವತ್ತು ಸಾವಿರ ಜನ ಯಾರೂ ಕರೆಯದೆಯೇ ಬೀದಿಗಿಳಿದಿದ್ದರು. ಅವನ ಪಕ್ಷಕ್ಕೆ ಅದೇ ಹೊಟ್ಟೆನೋವು. ಇಪ್ಪತ್ತು ವರ್ಷ ಕರೆದರೂ ಬಾರದ ಜನ ಈಗ ಬಂದಿದ್ದಾರೆ, ಬಾವುಟ ಮಾತ್ರ ಬೇಡವಂತೆ. ಬಾವುಟ ನೆಡು, ಇಲ್ಲ ವಾಪಸ್ ಬಾ ಎಂದು ಕಾರ್ಯದರ್ಶಿಗಳು ಕಟ್ಟಪ್ಪಣೆ ಮಾಡಿದ್ದರು.

ಅವನು ವಾಪಸ್ ಹೋಗಲಿಲ್ಲ. ಕಾರಣ ಕ್ರಾಂತಿ ಎಂದು ತನಗೆ ತಾನೇ ಹೇಳಿಕೊಂಡ. ಅಲ್ಲ, ಅವಳ ಎಡಗೆನ್ನೆಯ ಗುಳಿ ಎಂದು ಕಣ್ಣು ಚಾಡಿ ಹೇಳಿತು. ಬಾವುಟ ಬಿಚ್ಚಿ ಅವಳ ಕೈಗಿಟ್ಟು, ಅದರ ಕೋಲಿಗೇ ಪೊರಕೆ ಕಟ್ಟಿ ಗುಡಿಸಿದ. ಮೂಲೆ ಬಿಟ್ಟಾಗಲೆಲ್ಲ ಅವಳು ಹುಬ್ಬೇರಿಸಿ ನೋಡುತ್ತಿದ್ದಳು. ಆ ನೋಟಕ್ಕಾಗಿ ಮೂರು ದಿನ ಬೇಕಂತಲೇ ಮೂಲೆ ಬಿಟ್ಟ, ಮೈಕ್ ಕೇಳುವುದನ್ನೇ ಮರೆತ.

ನಾಲ್ಕನೇ ದಿನ ಮಧ್ಯಾಹ್ನ, ಆದೇಶ ವಾಪಸ್ ಎಂದು ಮಂತ್ರಿಗಳು ಫೋನಿನಲ್ಲಿ ಹೇಳಿದರಂತೆ. ಚೌಕವೆಲ್ಲ ಕುಣಿಯಿತು, ಚಾಪೆ ಸುತ್ತತೊಡಗಿತು. ಅವನೊಬ್ಬ ಕುಣಿಯಲಿಲ್ಲ. ಬಾಯಿಮಾತು ನಂಬಿ ಮನೆಗೆ ಹೋಗಿ ಸೋತ ಎರಡು ಮುಷ್ಕರಗಳ ಕಡತ ಪಕ್ಷದ ಕಚೇರಿಯಲ್ಲಿತ್ತು. ಅವಳಿಗೆ ಹೇಳಿದ. ಅವಳು ತುಟಿ ಕಚ್ಚಿ ಯೋಚಿಸಿ, ಮೈಕ್ ಕೊಟ್ಟಳು.

ಇಪ್ಪತ್ತೆರಡೂ ಬೇಡಿಕೆ ಗಂಟಲಿಗೆ ಬಂದವು. ನುಂಗಿಕೊಂಡ.

"ನಾನು ಇಲ್ಲಿ ಕಸ ಗುಡಿಸೋನು. ಸಹಿ ಹಾಕಿದ ಕಾಗದ ಕೈಗೆ ಬರೋವರೆಗೂ ಚಾಪೆ ಸುತ್ತಬೇಡಿ. ಅಷ್ಟೇ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಾಪೆಗಳು ಮಾತ್ರ ಒಂದೊಂದಾಗಿ ಮತ್ತೆ ಬಿಚ್ಚಿಕೊಂಡವು. ಮರುದಿನ ಕಾರ್ಯದರ್ಶಿಗಳೇ ಬಂದರು. ಅವರಿಗೂ ಪೊರಕೆ ಸಿಕ್ಕಿತು. ಅದರ ಮರುದಿನ ಸಹಿ ಬಿದ್ದ ಕಾಗದ ಬಂತು.

ಚೌಕ ಖಾಲಿಯಾಗುವಾಗ ಅವಳು ಬಾವುಟ ಮಡಚಿ ತಂದಳು. ಅಂಚು ಹರಿದಿದ್ದ ಕಡೆ ಈಗ ಪುಟ್ಟ ಹೊಲಿಗೆಗಳ ಸಾಲು.

"ನೀವಿಲ್ದಿದ್ರೆ ಬರಿಗೈಲಿ ಮನೆಗೆ ಹೋಗ್ತಿದ್ವಿ, ಕಾಮ್ರೇಡ್."

"ನೀವಿಲ್ದಿದ್ರೆ ನಾನು ಈಗ್ಲೂ ಖಾಲಿ ಕುರ್ಚಿಗಳಿಗೆ ಭಾಷಣ ಮಾಡ್ತಿದ್ದೆ." ಹೊಲಿಗೆಯ ಮೇಲೆ ಬೆರಳಾಡಿಸುತ್ತ ಅವನು ತಡವರಿಸಿದ. "ಇಪ್ಪತ್ತಮೂರನೇ ಬೇಡಿಕೆ ಒಂದಿದೆ. ನಿಮಗೊಬ್ರಿಗೇ ಹೇಳ್ಬೇಕು."

ಕೆನ್ನೆಯಲ್ಲಿ ಗುಳಿ ಬಿತ್ತು. "ರೂಲ್ಸ್ ಗೊತ್ತಲ್ಲ?"

ಅವನು ಪೊರಕೆ ಎತ್ತಿಕೊಂಡ. ಕಸದ ಮೊರ ಹಿಡಿದು ಅವಳೇ ಎದುರಿಗೆ ಕೂತು, ತಲೆಯೆತ್ತದೆ ಹೇಳಿದಳು:

"ಬಾಯಿಮಾತಾದ್ರೆ ಒಪ್ಪಲ್ಲ. ನಂಗೂ ಸಹಿ ಹಾಕಿದ ಕಾಗದಾನೇ ಬೇಕು."

ಆ ದಿನ ಅವನು ಒಂದು ಮೂಲೆಯನ್ನೂ ಬಿಡಲಿಲ್ಲ.